ಎರಡನೆಯ ರಿಂಗು

ಜಪ್ಪಯ್ಯ ಎಂದರೂ ಫಿಲ್ಟರು ಅಲುಗಲಿಲ್ಲ. ಅವಳು ಎರಡೂ ಕೈಯಿಂದ ಅದನ್ನು ಅಪ್ಪಿ ಹಿಡಿದು, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ತಿರುವಿದಳು. ತಿರುಗಿದ್ದು ಅವಳ ಅಂಗೈ ಮಾತ್ರ. ಟ್ರ್ಯಾಕ್ಟರಿನ ಎಂಜಿನ್ನಿನ ಪಕ್ಕೆಯಿಂದ ಕೆಳಮುಖವಾಗಿ ತೂಗುವ ಕರೀ ತಗಡಿನ ಡಬ್ಬಿ ಅದು, ನೀರು ಕುಡಿಯುವ ಚೊಂಬಿನಷ್ಟೂ ದೊಡ್ಡದಲ್ಲ. ಎಣ್ಣೆಯ ಕಸವನ್ನೆಲ್ಲ ತನ್ನೊಳಗೆ ತಡೆದಿಟ್ಟುಕೊಳ್ಳುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಆರು ತಿಂಗಳಿಗೊಮ್ಮೆ ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಬೇಕು, ಎರಡೂ ಬರಿಗೈಯಲ್ಲೇ ಆಗುವ ಕೆಲಸ. ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲೂ ಹಾಗೇ ಬರೆದಿತ್ತು. ಚಿತ್ರದಲ್ಲಿ ಒಂದು ಕೈ, ಒಂದು ಬಾಣದ ಗುರುತು, ಆ ಕೈಯ ಉಗುರು ಕೂಡ ಸ್ವಚ್ಛ. ಆ ಕೈಯನ್ನು ಬರೆದ ಪುಣ್ಯಾತ್ಮ ಈಗ ಈ ಶೆಡ್ಡಿನಲ್ಲಿದ್ದಿದ್ದರೆ ಅವನ ಬೆವರಿಳಿಸಿಬಿಡುತ್ತಿದ್ದೆ ಎಂದುಕೊಂಡಳು. ಸಿಮೆಂಟು ನೆಲದ ಮೇಲೆ ಹಾಸಿದ ಗೋಣಿಚೀಲ ಬೆನ್ನಿಗೆ ಚುಚ್ಚುತ್ತಿತ್ತು. ಬೆಳಗ್ಗೆ ಎಂಜಿನ್ನನ್ನು ಬಿಸಿ ಮಾಡಿ ಇಳಿಸಿದ ಹಳೆಯ ಎಣ್ಣೆ ಅಗಲ ಟಿನ್ನಿನಲ್ಲಿ ತಲೆಯ ಹತ್ತಿರವೇ ಇತ್ತು, ಅದರೊಳಗೆ ಶೆಡ್ಡಿನ ಸೂರು ತಲೆಕೆಳಗಾಗಿ ಕಾಣುತ್ತಿತ್ತು. ಹನ್ನೊಂದು ಗಂಟೆಯಾಗಿತ್ತು. ಮೂರಕ್ಕೆ ಮೆಕ್ಯಾನಿಕ್ ಬರುವವನಿದ್ದ.

ಮೆಕ್ಯಾನಿಕ್ ಬಂದರೆ ಏನಾಗುತ್ತದೆ ಎಂದು, ಫಿಲ್ಟರು ಬರುತ್ತಿಲ್ಲವೆಂದು ಗೊತ್ತಾದ ಮೇಲೆ, ಬೆಳಗ್ಗೆ ಚಹಾದ ಹೊತ್ತಿಗೇ ಅತ್ತೆ ಬಿಡಿಸಿ ಹೇಳಿದ್ದರು. ಅತ್ತೆ ದನಿ ಏರಿಸಿ ಮಾತಾಡುವವರಲ್ಲ. ಅವರು ಏರಿಸಿದ್ದರೆ ತಿರುಗಿ ಏರಿಸಬಹುದಿತ್ತು. ಆ ತಣ್ಣನೆಯ ದನಿಗೆ ಎದುರಾಗಿ ಏನನ್ನಾದರೂ ಹೇಳಹೊರಟರೆ ತನ್ನ ದನಿಯೇ ಜಗಳಗಂಟಿಯದಾಗಿ ಕೇಳುತ್ತಿತ್ತು. "ನೋಡಮ್ಮ, ನಾಳೆ ಏಳು ಗಂಟೆಗೆ ಪಕ್ಕದವರ ಹೊಲಕ್ಕೆ ಗಾಡಿ ಹೋಗಬೇಕು. ಮಾತು ಕೊಟ್ಟಾಗಿದೆ. ಮೂರು ಗಂಟೆವರೆಗೆ ನೋಡು. ನಿನ್ನ ಕೈಲಾದ್ರೆ ಸರಿ. ಮೆಕ್ಯಾನಿಕ್ ಬಂದು ಬಿಚ್ಚೋ ಹಾಗಾದ್ರೆ ಕೀ ಚಿಕ್ಕವನಿಗೆ ಕೊಟ್ಟುಬಿಡು. ಗಾಡಿ ಓಡಿಸೋದು ಬೇರೆ, ಗಾಡಿ ನೋಡ್ಕೊಳ್ಳೋದು ಬೇರೆ." ಚಿಕ್ಕವನೆಂದರೆ ಮೈದುನ. ಅವನು ಎದುರಿಗೇ ಕೂತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ. ಟ್ರ್ಯಾಕ್ಟರು ಅತ್ತೆಯ ಹೆಸರಿನಲ್ಲಿತ್ತು, ಹಾಗಾಗಿ ಅತ್ತೆ ಹೇಳಿದ ಮೇಲೆ ಮುಗಿಯಿತು. ಆಗಲೇ ಅವಳ ಬಾಯಿಂದ ಆ ಮಾತು ಬಂದದ್ದು. "ಅತ್ತೆ, ಇದನ್ನ ಹೀಗೆ ಬಿಗಿದಿರೋದು ಯಾರು ಅಂತ ಮೊದಲು ಕೇಳಿ. ಹೋದ ತಿಂಗಳು ಎಂಟು ದಿನ ಗಾಡಿ ಇವನ ಹತ್ರಾನೇ ಇತ್ತಲ್ಲ. ಇವನದೇ ಕೈಕೆಲಸ." ಮೈದುನನ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. "ನಾನಾ? ಅತ್ತಿಗೆ, ಆ ಫಿಲ್ಟರನ್ನ ನಾನು ಮುಟ್ಟೇ ಇಲ್ಲ!" ಅದು ನಿಜವೆಂದು ಅವನ ಮುಖವೇ ಹೇಳುತ್ತಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಆ ಕೀಲಿ ಈಗ ಅವಳ ಎದೆಜೇಬಿನಲ್ಲಿತ್ತು. ತೊಟ್ಟದ್ದು ಗಂಡನ ಹಳೆಯ ಅಂಗಿ. ಬಗ್ಗಿದಾಗ ಕೀಲಿ ಜಾರಿ ಬೀಳಬಾರದೆಂದು ಗಂಡನೇ ಜೇಬಿಗೊಂದು ಮುಚ್ಚಳ ಹೊಲಿದು ಗುಂಡಿ ಹಾಕಿ ಕೊಟ್ಟಿದ್ದ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಡುಗೆಮನೆ ಅತ್ತೆಯದು, ಯಾವ ಡಬ್ಬ ಯಾವ ಹಲಗೆಯ ಮೇಲಿರಬೇಕೆನ್ನುವುದೂ ಅತ್ತೆಯದು; ಮಲಗುವ ಕೋಣೆಯಲ್ಲಿ ಅರ್ಧ ಜಾಗ ಗಿರಾಕಿಗಳ ಬಟ್ಟೆಯದು. ಹದಿನಾಲ್ಕು ವರ್ಷದಲ್ಲಿ ಆ ಮನೆಯೊಳಗೆ ಇದು ನನ್ನದು ಎಂದು ಅವಳು ಮುಟ್ಟಿ ತೋರಿಸಬಹುದಾಗಿದ್ದದ್ದು ಇದೊಂದೇ. ಅದನ್ನೂ ಯಾರೂ ಅಕ್ಕರೆಯಿಂದ ಕರೆದು ಕೊಟ್ಟದ್ದಲ್ಲ. ಸಂಬಳದ ಡ್ರೈವರು ಹೊಲದ ನಡುವೆ ಕೆಸರಲ್ಲಿ ಗಾಡಿ ಹೂತುಹಾಕಿ ಹೇಳದೆ ಕೇಳದೆ ಹೋದ ದಿನ, ಗಂಡಸರೆಲ್ಲ ಬದುವಿನ ಮೇಲೆ ನಿಂತು ತಲೆಗೊಂದು ಸಲಹೆ ಕೊಡುತ್ತಿದ್ದಾಗ, ಅವಳು ಹತ್ತಿ ಕೂತು, ಹಿಂದೆ ಮುಂದೆ ಆಡಿಸಿ ಆಡಿಸಿ ಗಾಡಿಯನ್ನು ದಾರಿಗೆ ತಂದಿದ್ದಳು. ತಂದವಳು ಇಳಿಯಲಿಲ್ಲ. ಆ ಎತ್ತರದಿಂದ ನೋಡಿದರೆ ಕಾಂಪೌಂಡು ಗೋಡೆಗಳ ಆಚೆಗೂ ಕಾಣುತ್ತಿತ್ತು. ಬೀದಿಯಲ್ಲಿ ಜನ ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದರು. ಏನಮ್ಮಾ ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ಎಂಜಿನ್ನಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಈ ಕೀಲಿ ಹೋದರೆ ತಾನು ಮತ್ತೆ ಇಳಿದು, ಆ ಎಲ್ಲ ಪ್ರಶ್ನೆಗಳಿಗೆ ನಿಂತು ಉತ್ತರ ಕೊಡುತ್ತ ನಡೆಯಬೇಕು. "ಕೊಡಲ್ಲ. ಏನು ಬೇಕಾದ್ರೂ ಮಾಡ್ಕೋ, ಕೊಡಲ್ಲ," ಎಂದು ಫಿಲ್ಟರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ಯಾರ ಹತ್ರ ಮಾತಾಡ್ತಿದ್ದೀಯ?" ಗಂಡ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ, ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು.

"ನಿಮ್ಮ ತಮ್ಮನ ಹತ್ರ. ಈ ಡಬ್ಬೀಲಿ ಕೂತಿದಾನೆ, ಈಚೆಗೆ ಬಾ ಅಂದ್ರೆ ಬರಲ್ಲ ಅಂತಾನೆ."

ಗಂಡ ಮಂಡಿಯೂರಿ ಒಳಗೆ ಕೈ ಹಾಕಿ, ಟೇಪಿನಿಂದ ಫಿಲ್ಟರನ್ನು ಸುತ್ತಿ ಅಳೆದ. ಅವನಿಗೆ ಯಾವ ವಸ್ತುವೂ ಅಳೆದ ಮೇಲೆಯೇ ಅರ್ಥವಾಗುತ್ತಿತ್ತು. "ಸುತ್ತಳತೆ ಹನ್ನೆರಡು ಇಂಚು. ಎಳೇ ಮಗೂ ಸೊಂಟ ಇದಕ್ಕಿಂತ ದೊಡ್ಡದಿರುತ್ತೆ ಕಣೇ. ಇದಕ್ಕೆ ಹೆದರೋದಾ?"

"ಹೆದರ್ತಿರೋರು ಯಾರು? ಟಾರ್ಚ್ ಹಿಡೀರಿ ಸುಮ್ನೆ."

ಟಾರ್ಚು ಹಿಡಿಯುವುದು ಎಷ್ಟು ಕಷ್ಟದ ಕೆಲಸವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ತವರಿನಲ್ಲಿ ಅಪ್ಪ ನೀರಿನ ಪಂಪು ಬಿಚ್ಚಲಿ, ಅಣ್ಣ ಸೈಕಲ್ಲಿನ ಚೈನು ಕೂರಿಸಲಿ, ಟಾರ್ಚು ಅವಳದು. ಎಲ್ಲಿ ತೋರಿಸ್ತಿದ್ದೀಯ, ನನ್ನ ಕಣ್ಣಿಗಾ? ಸ್ವಲ್ಪ ಈಚೆಗೆ. ಈಚೆಗೆ ಅಂದ್ರೆ ಆಚೆಗೆ ಹೋಗ್ತೀಯಲ್ಲ. ಸ್ಕ್ರೂ ಕಳೆದರೆ ಟಾರ್ಚಿನ ತಪ್ಪು, ಬೆರಳು ಜಜ್ಜಿದರೆ ಟಾರ್ಚಿನ ತಪ್ಪು, ಪಂಪು ನೀರೆತ್ತಿದರೆ ಅಪ್ಪನ ಕೈಗುಣ. ಒಮ್ಮೆ ಅಣ್ಣ ಪಂಪಿನ ವಾಷರನ್ನು ತಿರುಗಾಮುರುಗಾ ಹಾಕಿದ್ದನ್ನು ಅವಳು ನೋಡಿದ್ದಳು. ಅಣ್ಣಾ ಅದು ಉಲ್ಟಾ ಎಂದಿದ್ದಳು. ಟಾರ್ಚ್ ಹಿಡಿಯೋರು ಟಾರ್ಚ್ ಹಿಡೀಬೇಕು ಎಂದು ಅಪ್ಪ ನಕ್ಕಿದ್ದರು, ಸಿಟ್ಟಿನಿಂದಲ್ಲ, ಮುದ್ದಿನಿಂದಲೇ. ಪಂಪು ಎರಡು ದಿನ ಸೋರಿತು. ಮೂರನೆಯ ದಿನ ಬಿಚ್ಚಿ ಸರಿ ಮಾಡಿದ ಅಣ್ಣ ಅವಳ ಕಡೆ ತಿರುಗಿ ನೋಡಲಿಲ್ಲ, ಅಪ್ಪನೂ ಏನೂ ಅನ್ನಲಿಲ್ಲ, ಅವಳು ಟಾರ್ಚು ಹಿಡಿದೇ ಇದ್ದಳು. ಬೆಳಕು ಹಿಡಿದವರು ಎಲ್ಲವನ್ನೂ ನೋಡಿರುತ್ತಾರೆ ಎನ್ನುವುದು ಆ ಮನೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. "ಎಲ್ಲಿ ತೋರಿಸ್ತಿದ್ದೀರ್ರೀ, ನನ್ನ ಕಣ್ಣಿಗಾ?" ಎಂದು ಗಂಡನ ಮೇಲೆ ಹರಿಹಾಯ್ದಳು. ಹಾಗೆ ಹರಿಹಾಯುವುದರಲ್ಲಿ ಎಂಥ ಸುಖವಿದೆಯೆಂದು ಮೂವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಗೊತ್ತಾಯಿತು.

ಡಬ್ಬಿಗೆ ಮರಳು ಕಾಗದ ಸುತ್ತಿ ಹಿಡಿದಳು, ಕಾಗದ ಹರಿಯಿತು. ಗಂಡನ ಸೊಂಟದ ಬೆಲ್ಟು ಬಿಚ್ಚಿಸಿ, ಎರಡು ಸುತ್ತು ಹಾಕಿ ಎಳೆದಳು. ಬೆಲ್ಟೂ ಜಾರಿತು, ಇತ್ತ ಗಂಡನ ಪ್ಯಾಂಟೂ ಜಾರತೊಡಗಿ ಅವನು ಒಂದು ಕೈ ಅದಕ್ಕೆ ಕೊಟ್ಟದ್ದರಿಂದ ಬೆಳಕು ಹಳಿ ತಪ್ಪಿ ಟೈರಿನ ಮೇಲೆ ಬಿತ್ತು. ಆ ಅರೆಗತ್ತಲಲ್ಲಿ ಅಂಗಾತ ಮಲಗಿದ್ದವಳಿಗೆ ಒಂದು ಅನುಮಾನ ಹೊಕ್ಕಿತು. ಬಿಚ್ಚಬೇಕೆಂದರೆ ಎಡಕ್ಕೆ ತಿರುವಬೇಕು, ಆದರೆ ಎಡ ಯಾವುದು? ಕೆಳಗಿನಿಂದ ನೋಡುವಾಗಿನ ಎಡವೇ ಅದರ ಎಡವೋ, ಅಥವಾ ಬೆಳಗ್ಗಿನಿಂದ ತಾನು ಇದನ್ನು ಇನ್ನಷ್ಟು ಬಿಗಿಯುತ್ತಲೇ ಬಂದಿದ್ದೇನೋ? ಗಂಡನನ್ನು ಕೇಳುವುದೆಂದರೆ ಸತ್ತರೂ ಆಗದ ಮಾತು. ನೀರು ಕೊಡಿ ಎಂದು ಬಾಟಲಿ ಇಸಿದುಕೊಂಡು, ಮಲಗಿದ ಹಾಗೇ ಮುಖದ ಮೇಲೆ ನೆಟ್ಟಗೆ ಎತ್ತಿ ಹಿಡಿದಳು: ಮೇಲಿನ ಮುಚ್ಚಳ ಎಂಜಿನ್ನು, ಕೆಳಗಿನ ಬಾಟಲಿ ಫಿಲ್ಟರು. ಮುಚ್ಚಳವನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು ಬಾಟಲಿಯನ್ನು ತಿರುವಿದಳು. ಸರಿಯಾದ ದಿಕ್ಕೇ. ಬಾಟಲಿ ಕಳಚಿ ವಾಲಿ, ಅರ್ಧ ನೀರು ಕಣ್ಣು ಮೂಗಿನೊಳಗೆ ಸುರಿಯಿತು. "ಇದೇನೇ, ಕುಡಿಯೋದಾ ಸ್ನಾನ ಮಾಡೋದಾ?" ಎಂದ ಗಂಡ. "ಸೆಕೆ," ಎಂದಳು ಅವಳು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಾಗ ನೀರಿನ ಜೊತೆ ಎಣ್ಣೆಯೂ ಹತ್ತಿತು.

"ಅಲ್ಲ, ಗೋಡೆ ಮೇಲೆ ಚೈನ್ ಪಾನಾ ನೇತಾಡ್ತಿದೆ. ಅದನ್ನ ಬಿಟ್ಟು ನನ್ನ ಬೆಲ್ಟ್ ಯಾಕೆ ಬಿಚ್ಚಿಸಿದೆ?"

ಬೆಳಗ್ಗಿನಿಂದ ಅವಳು ಆ ಗೋಡೆಯ ಕಡೆ ನೋಡಿರಲಿಲ್ಲ. ನೋಡಲಿಲ್ಲ ಎನ್ನುವುದು ಗಂಡ ಕೇಳಿದಾಗಲೇ ಅವಳಿಗೂ ತಿಳಿದದ್ದು. ಎದ್ದು ಹೋಗಿ ಮೊಳೆಯಿಂದ ಇಳಿಸಿಕೊಂಡಳು. ಉದ್ದ ಹಿಡಿ, ತುದಿಯಲ್ಲಿ ಗಂಟಲಿಗೆ ಸುತ್ತುವಂಥ ಚೈನು. ಅದರ ತೂಕ ಅಂಗೈಗೆ ಚೆನ್ನಾಗಿ ನೆನಪಿತ್ತು. ಆರು ತಿಂಗಳ ಹಿಂದಿನ ಮಾತು, ಕೀಲಿ ಕೈಗೆ ಬಂದು ಆಗಿನ್ನೂ ಒಂದು ವಾರ. ಮೈದುನ ಈ ಬಾಗಿಲಿಗೇ ಒರಗಿ, ಕೈಕಟ್ಟಿ ನೋಡುತ್ತಿದ್ದ. ಏನಾದರೂ ಕುಹಕವಾಡಿದ್ದರೆ ವಾಸಿಯಿತ್ತು. ಅವನು ಆಡಲಿಲ್ಲ, ಕಾಲ್ಬೆರಳಿನಿಂದ ನೆಲ ತಟ್ಟುತ್ತಿದ್ದ ಅಷ್ಟೇ. ಅವತ್ತು ಹಳೆಯ ಫಿಲ್ಟರು ಬೆಣ್ಣೆಯ ಹಾಗೆ ಸಲೀಸಾಗಿ ಬಂದಿತ್ತು. ಅದು ಕೂತಿದ್ದ ಜಾಗವನ್ನು ಬಟ್ಟೆಯಿಂದ ಒರೆಸಿ, ಸುತ್ತ ಬೆರಳಾಡಿಸಿ ನೋಡಬೇಕು, ಪುಸ್ತಕ ಹಾಗೆ ಹೇಳುತ್ತದೆ. ಆದರೆ ಪುಸ್ತಕ ನೋಡಿಕೊಂಡು ಮಾಡುವವಳ ಹಾಗೆ ಅವನಿಗೆ ಕಾಣಬಾರದಿತ್ತು. ನೂರು ಸಲ ಮಾಡಿದವಳಂತೆ, ಕಣ್ಣು ಕೂಡ ಆ ಕಡೆ ಹಾಯಿಸದೆ, ಹೊಸದನ್ನು ಚಕಚಕನೆ ಕೂರಿಸಿ ಕೈಕೊಡವಿ ಎದ್ದಿದ್ದಳು. ಸಂಜೆ ಎಂಜಿನ್ ಹಚ್ಚಿದಾಗ ಫಿಲ್ಟರಿನಿಂದ ಎಣ್ಣೆಯ ಒಂದು ತೊಟ್ಟು. ಸುಮ್ಮನೆ ಅಂಟಿದ್ದಿರಬೇಕು ಎಂದು ಒರೆಸಿದಳು. ಇನ್ನೊಂದು. ಚೈನ್ ಪಾನಾ ಹಾಕಿ ಕಾಲು ಸುತ್ತು. ಮತ್ತೊಂದು ತೊಟ್ಟು. ಇನ್ನೂ ಕಾಲು ಸುತ್ತು; ಮೈಭಾರವೆಲ್ಲ ಹಿಡಿಯ ಮೇಲೆ ಬಿಟ್ಟು ಇನ್ನೊಂದು. ಯಾರನ್ನಾದರೂ ಕೇಳಬಹುದಿತ್ತು. ಮೆಕ್ಯಾನಿಕ್ಕನಿಗೆ ಒಂದು ಫೋನು ಮಾಡಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಕೇಳಿದ್ದರೆ, ನೋಡಿದಿರಾ, ಒಂದೇ ವಾರಕ್ಕೆ ಎನ್ನುತ್ತಿದ್ದರು. ತೊಟ್ಟು ನಿಂತಿತು. ಅಷ್ಟರಲ್ಲಿ ಅತ್ತೆ ಬಂದು ಏನಾಯ್ತಮ್ಮ ಎಂದಿದ್ದರು. ಏನಿಲ್ಲ ಅತ್ತೆ, ಒರೆಸ್ತಿದ್ದೆ. ಪಾನಾವನ್ನು ಬೆನ್ನ ಹಿಂದೆ ಹಿಡಿದೇ ಹೇಳಿದ್ದಳು, ಮಣ್ಣು ತಿಂದ ಮಗು ಬಾಯಿ ಮುಚ್ಚಿ ನಿಲ್ಲುವ ಹಾಗೆ. ಇಷ್ಟೆಲ್ಲ ಬೆಳಗ್ಗೆ ಚಹಾ ಕುಡಿಯುವಾಗಲೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮೈದುನನ ಹೆಸರು ಹೇಳಿತು.

"ಏನತ್ತಿಗೆ, ಸಂಧಾನ ಇನ್ನೂ ನಡೀತಾನೇ ಇದೆಯಾ?" ಹೆಸರೆತ್ತಿದ್ದು ಕೇಳಿಸಿತೇನೋ ಎಂಬಂತೆ ಮೈದುನ ಬಾಗಿಲಲ್ಲಿ ಬಂದು ನಿಂತ. ಪಾನಾದ ಚೈನು ಫಿಲ್ಟರಿಗೆ ಸುತ್ತಿ ಆಗಿತ್ತು. ಅವಳು ಹಿಡಿಯನ್ನು ಎಳೆದಳು. ತಗಡು ನೆಗ್ಗಿ ಒಳಗೆ ಹೋಯಿತು, ಫಿಲ್ಟರು ಮಾತ್ರ ಕೂತಲ್ಲೇ ಕೂತಿತ್ತು.

"ಕೊಡಿ, ನಾನೊಂದು ಕೈ ನೋಡ್ತೀನಿ."

"ಮುಟ್ಟಿದ್ರೆ ನೋಡು."

"ಮೂರು ಗಂಟೆಗೆ ಹೇಗಿದ್ರೂ..." ಎಂದವನು ಅಷ್ಟಕ್ಕೇ ನಿಲ್ಲಿಸಿದ. ಅಣ್ಣನ ಕಡೆ ನೋಡಿದ, ನೆಲದ ಕಡೆ ನೋಡಿದ. "ಕೀ ವಿಷಯ ಹಾಗಿರಲಿ ಅತ್ತಿಗೆ. ನಾನು ಬಿಗಿದಿಲ್ಲ. ಅಮ್ಮನ ಮುಂದೆ ಹಾಗಂದುಬಿಟ್ರಲ್ಲ."

"ಮತ್ಯಾರು ಬಿಗಿದ್ರು? ಗಾಳಿ ಬಂದು ಬಿಗೀತಾ?"

ಬೆಳಗಿನದು ಬಾಯಿತಪ್ಪಿ ಬಂದದ್ದು ಎಂದಾದರೂ ಹೇಳಿಕೊಳ್ಳಬಹುದಿತ್ತು. ಇದನ್ನು ತಿಳಿದೂ ತಿಳಿದೂ ಹೇಳಿದ್ದಳು. ಮೈದುನ ಇನ್ನೇನೋ ಹೇಳಹೊರಟು, ಕೈ ಒದರಿ ಹೊರಟುಹೋದ. ಅವನ ಬೆನ್ನು ಕಂಡು ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ರೇಗಿತು, ರೇಗಿದ್ದನ್ನೆಲ್ಲ ತೋಳಿಗೆ ಕೊಟ್ಟು ಮತ್ತೆ ಎಳೆದಾಗ ಪಾನಾ ಜಾರಿ ಗೆಣ್ಣುಗಳು ಕಬ್ಬಿಣಕ್ಕೆ ಬಡಿದವು. ರಕ್ತ ಬಂತು. ಗಂಡ ಕೊರಳಿನ ಟೇಪನ್ನೇ ಪಟ್ಟಿ ಮಾಡಿ ಕಟ್ಟಲು ಬಂದ. "ಬಿಡೇ ಸಾಕು. ಮೂರಕ್ಕೆ ಅವನು ಬರ್ತಾನೆ. ಒಂದು ಕೀ ಹೋದ್ರೆ ಏನೀಗ, ಹೊಲಿಗೆ ಕಲಿಸ್ತೀನಿ ಬಾ." ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ಅವನು ಏನನ್ನು ಹೇಳಿದರೂ ಒಳ್ಳೆಯ ಮನಸ್ಸಿನಿಂದಲೇ, ಅದೇ ಅವಳ ಕಷ್ಟ. ಗಾಯದ ಕೈಯನ್ನು ಅಂಗಿಗೆ ಒರೆಸಿಕೊಂಡು, "ದೊಡ್ಡ ಸ್ಕ್ರೂಡ್ರೈವರ್ ಕೊಡಿ. ಸುತ್ತಿಗೆನೂ," ಎಂದಳು.

ಇನ್ನು ಮುಂದಿನದು ಪುಸ್ತಕದಲ್ಲಿ ಇರಲಿಲ್ಲ. ಸ್ಕ್ರೂಡ್ರೈವರನ್ನು ಡಬ್ಬಿಯ ಪಕ್ಕೆಗಿಟ್ಟು ಸುತ್ತಿಗೆಯಿಂದ ಹೊಡೆದಳು, ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವವರೆಗೆ. ಒಳಗೆ ಉಳಿದಿದ್ದ ಕರೀ ಎಣ್ಣೆ ಮೊಣಕೈಗುಂಟ ಇಳಿದು ಕಂಕುಳು ಸೇರಿತು. ಅಡ್ಡ ಚಾಚಿದ ಸ್ಕ್ರೂಡ್ರೈವರನ್ನು ಹಿಡಿದು ತಿರುವಿದಾಗ, ಮೊದಲ ಬಾರಿಗೆ, ಏನೋ ತಿರುಗಿತು. "ಬಂತು!" ಎಂದು ಗಂಡ ಕೂಗಿದ. ಬಂದಿರಲಿಲ್ಲ. ತಗಡು ಸುತ್ತಲೂ ಹರಿದು, ಡಬ್ಬಿ ಅವಳ ಎದೆಯ ಮೇಲೆ ಬಿತ್ತು, ಅದರೊಳಗಿನ ಕಾಗದದ ಮಡಿಕೆಗಳೆಲ್ಲ ಹೊರಗೆ ಬಂದವು. ಮೇಲೆ, ಎಂಜಿನ್ನಿಗೆ ಅಂಟಿದ ಹಾಗೇ, ಡಬ್ಬಿಯ ಬಾಯಿಯ ದಪ್ಪ ತಟ್ಟೆ ಉಳಿದುಕೊಂಡಿತ್ತು. ಈಗ ಹಿಡಿದು ತಿರುವಲು ಡಬ್ಬಿಯೂ ಇಲ್ಲ. ಗಂಟೆ ಒಂದೂಮುಕ್ಕಾಲು. ಗಂಡ ಟಾರ್ಚನ್ನು ಸರಿಯಾದ ಜಾಗದಲ್ಲೇ ಹಿಡಿದಿದ್ದ. ಅವಳಿಗೆ ಅಳು ಬಂತು, ಬಂದದ್ದು ಬರಲಿ ಎಂದು ಅಳುತ್ತಲೇ ಕಬ್ಬಿಣ ಕಡಿಯುವ ಉಳಿಯನ್ನು ಹುಡುಕಿದಳು. ತಟ್ಟೆಯ ಅಂಚಿನಲ್ಲಿ ಉಳಿಯ ತುದಿ ಊರಿ, ಬಾಟಲಿ ತೋರಿಸಿಕೊಟ್ಟ ದಿಕ್ಕಿಗೇ ವಾಲಿಸಿ ಹೊಡೆದಳು. ಅಂಚಿಗೆ ಕಚ್ಚು ಬಿತ್ತು. ಅದೇ ಕಚ್ಚಿಗೆ ಮತ್ತೆ ಹೊಡೆದಳು. ಹೋದರೆ ಎಂಜಿನ್ನೇ ಹೋಗಲಿ ಎಂದು ಒಮ್ಮೆ, ಹೋಗದಿರಲಿ ದೇವರೇ ಎಂದು ಒಮ್ಮೆ, ಕೊಡುವುದಿಲ್ಲ ಎಂದು ಒಮ್ಮೆ. ಆಮೇಲೆ ಲೆಕ್ಕವೂ ಇಲ್ಲ, ಮಾತೂ ಇಲ್ಲ, ತೋಳು ಏಳುತ್ತಿತ್ತು ಬೀಳುತ್ತಿತ್ತು. ಎಷ್ಟು ಹೊತ್ತಾಯಿತೋ. ಉಳಿಯ ಸದ್ದು ಬೇರೆಯಾಯಿತು. ಟಣ್ ಎನ್ನುತ್ತಿದ್ದದ್ದು ಟಕ್ ಎಂದಿತು. ತಟ್ಟೆ ಒಂದು ಕೂದಲೆಳೆಯಷ್ಟು ಸರಿದಿತ್ತು. ಇನ್ನೂ ನಾಲ್ಕು ಏಟಿಗೆ ಬೆರಳಿಗೆ ಸಡಿಲವಾಗಿ, ಸುತ್ತು ಸುತ್ತಾಗಿ ಇಳಿದು ಅಂಗೈಗೆ ಬಂತು.

ಅವಳು ಹಾಗೇ ಮಲಗಿಕೊಂಡು ಅದನ್ನು ನೋಡಿದಳು. ತಟ್ಟೆಯ ಅಂಚಿನ ತೋಡಿನಲ್ಲಿ ಅದರ ರಬ್ಬರ್ ರಿಂಗು ಚಪ್ಪಟೆಯಾಗಿ ಕೂತಿತ್ತು. ಆಮೇಲೆ ಕೈ ಮೇಲೆತ್ತಿ, ಅಂದು ಮಾಡದೆ ಬಿಟ್ಟಿದ್ದ ಕೆಲಸವನ್ನು ಮಾಡಿದಳು: ಎಂಜಿನ್ನಿನ ಮೇಲೆ ಫಿಲ್ಟರು ಕೂರುವ ಜಾಗದ ಸುತ್ತ ಬೆರಳಾಡಿಸಿದಳು. ಅಲ್ಲಿ ನುಣ್ಣನೆಯ ಕಬ್ಬಿಣವಿರಲಿಲ್ಲ. ಉಗುರು ಹಾಕಿ ಎಬ್ಬಿಸಿದಾಗ ಇನ್ನೊಂದು ರಿಂಗು, ಕಲ್ಲಾಗಿ ಗಟ್ಟಿಯಾದದ್ದು, ಎರಡು ಎಳೆತಕ್ಕೆ ಕಿತ್ತು ಬಂತು.

"ಒಂದು ಫಿಲ್ಟರ್‌ಗೆ ಎರಡು ರಿಂಗಾ?" ಎಂದ ಗಂಡ.

"ಒಂದೇ ಇರೋದು. ಇದು ಅದಕ್ಕೂ ಹಿಂದಿನದರದ್ದು. ಎಂಜಿನ್‌ಗೆ ಅಂಟಿ ಉಳ್ಕೊಂಡಿತ್ತು. ಹೊಸದು ಹಾಕೋವಾಗ ಕಿತ್ತು ಹಾಕೋದು. ಕೀಳದೆ ಹಾಕಿದ್ರೆ ತೊಟ್ಟಿಕ್ಕುತ್ತೆ, ತೊಟ್ಟಿಕ್ಕುತ್ತೆ ಅಂತ ಬಿಗಿದ್ರೆ ಹೀಗೆ ಕಚ್ಕೊಳ್ಳುತ್ತೆ."

"ಹಾಕಿದ್ದು ಯಾರು?"

"ನಾನು."

ಅಂಗಳದಲ್ಲಿ ಅತ್ತೆಯ ಚಪ್ಪಲಿಯ ಸದ್ದು ಕೇಳಿಸಿತು. ಗಂಡ ಚಟ್ಟನೆ ಬಗ್ಗಿ, ಅವಳ ಅಂಗೈಯಿಂದ ಆ ಗಟ್ಟಿ ರಿಂಗನ್ನು ಎತ್ತಿ ತನ್ನ ಜೇಬಿಗೆ ಇಳಿಬಿಟ್ಟ. "ಬಿಡು," ಎಂದು ಪಿಸುಗುಟ್ಟಿದ, "ಯಾರಿಗೂ ಗೊತ್ತಾಗಲ್ಲ."

ಅತ್ತೆ ಬಂದು ಹರಿದ ಡಬ್ಬಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು, ಎಣ್ಣೆಯಲ್ಲಿ ಮಿಂದ ಸೊಸೆಯನ್ನು ನೋಡಿದರು. ಮೈದುನ ಅವರ ಹಿಂದೆ ನಿಂತಿದ್ದ. "ಬಂತಾ?" ಎಂದರು. "ಬಂತು ಅತ್ತೆ." ಗಂಟೆ ಇನ್ನೂ ಮೂರಾಗಿರಲಿಲ್ಲ. ಅತ್ತೆ ತಲೆಯಾಡಿಸಿ ಚಿಕ್ಕ ಮಗನ ಕಡೆ ತಿರುಗಿದರು. "ಮೆಕ್ಯಾನಿಕ್‌ಗೆ ಫೋನ್ ಮಾಡಿ ಬರೋದು ಬೇಡ ಅನ್ನು. ಇನ್ನೊಂದು ಮಾತು. ಇನ್ಮೇಲೆ ನೀನು ಈ ಗಾಡಿ ಮುಟ್ಟಕೂಡದು. ನಿನ್ನ ಒರಟು ಕೈಯಿಂದ ಇವಳು ಬೆಳಗ್ಗಿಂದ ನೆಲದ ಮೇಲೆ ಬಿದ್ದು ಒದ್ದಾಡಿದಾಳೆ." ಮೈದುನ, "ನಾನು ಮುಟ್ಟಿಲ್ಲ ಅಂದ್ನಲ್ಲಮ್ಮ," ಎಂದ. ಯಾರೂ ನಂಬುವುದಿಲ್ಲವೆಂದು ಮೊದಲೇ ಗೊತ್ತಿದ್ದವನ ಸಣ್ಣ ದನಿ.

ಗೆದ್ದಾಗಿತ್ತು. ಕೀಲಿ ಎದೆಜೇಬಿನಲ್ಲಿತ್ತು, ಇನ್ನು ಅದನ್ನು ಕೇಳುವವರಿಲ್ಲ. ಹೊಟ್ಟೆ ತಣ್ಣಗಾಗಬೇಕಿತ್ತು, ಆದರೆ ಅವಳ ಕಣ್ಣು ಮೈದುನನ ಮುಖದ ಮೇಲೆ ನಿಲ್ಲಲಾರದೆ ಗಂಡನ ಜೇಬಿಗೆ ಹೋಯಿತು. ಅಲ್ಲಿ ರಿಂಗಿನ ಗುಂಡನೆಯ ಅಚ್ಚು ಬಟ್ಟೆಯ ಮೇಲೆ ಕಾಣುತ್ತಿತ್ತು. ಗಂಡ ಅವಳತ್ತ ಒಂದು ನಗೆ ನಕ್ಕ, ಪಾಪದವರಿಗೆ ತೋರಿಸುವ ಮೃದುವಾದ ನಗೆ. ನಾಳೆ ಬೆಳಗ್ಗೆ ಗಾಡಿ ಹತ್ತುವಾಗಲೂ ಹೀಗೇ ನಗುತ್ತಾನೆ. ಒಂದು ದಿನವೂ ಬಾಯಿ ಬಿಡುವುದಿಲ್ಲ, ಒಂದು ದಿನವೂ ಮರೆಯುವುದಿಲ್ಲ. ಇಷ್ಟು ಪಡಿಪಾಟಲು ಪಟ್ಟು ಉಳಿಸಿಕೊಂಡ ಕೀಲಿ ಇನ್ನು ಮೇಲೆ ಅವನ ಜೇಬಿನ ದಯೆಯಿಂದ ತನ್ನ ಜೇಬಿನಲ್ಲಿರಬೇಕು. ಥೂ. ಅವಳು ಎದ್ದಳು, ಎಣ್ಣೆಯ ಕೈಯನ್ನು ಸೀದಾ ಗಂಡನ ಜೇಬಿಗೆ ಹಾಕಿದಳು. ಸೀಮೆಸುಣ್ಣದ ಚೂರಿನ ಜೊತೆ ರಿಂಗು ಬಂತು. ತಟ್ಟೆಯಲ್ಲಿದ್ದದ್ದನ್ನೂ ಕಿತ್ತು, ಎರಡೂ ರಿಂಗುಗಳನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಅಕ್ಕಪಕ್ಕ ಇಟ್ಟಳು.

"ಒಂದೇ ಇರಬೇಕಾದ ಕಡೆ ಎರಡಿತ್ತು ಅತ್ತೆ. ಹಳೇದನ್ನ ಕೀಳದೆ ಹೊಸದು ಹಾಕಿದ್ದು ನಾನು. ತೊಟ್ಟಿಕ್ತು ಅಂತ ಪಾನಾ ಹಾಕಿ ಬಿಗಿದಿದ್ದೂ ನಾನೇ. ಚಿಕ್ಕವನು ಮುಟ್ಟಿಲ್ಲ. ಬೆಳಗ್ಗೆ ನಾನು ಹೇಳಿದ್ದು ಸುಳ್ಳು."

ಗಂಡ ಟಾರ್ಚು ಆರಿಸಿದ. ಅತ್ತೆ ಎರಡೂ ರಿಂಗನ್ನು ಎತ್ತಿ ನೋಡಿ, ಇದ್ದಲ್ಲೇ ಇಟ್ಟರು. "ಅವತ್ತು ನಾನು ಬಂದು ಕೇಳಿದಾಗ ಏನಿಲ್ಲ ಅಂದೆ."

"ಅಂದೆ."

"ಯಾಕೆ?"

"ಹೇಳಿದ್ರೆ ಕೀ ಕಿತ್ಕೋತಿದ್ರಿ."

"ಹೌದು," ಎಂದರು ಅತ್ತೆ ಅದೇ ತಣ್ಣನೆಯ ದನಿಯಲ್ಲಿ, ಮತ್ತು ಕೈ ಚಾಚಿದರು. "ಕೊಡು ಹಾಗಾದ್ರೆ."

ಆ ಕೈ ಕೇಳಿದ್ದನ್ನೆಲ್ಲ ಹದಿನಾಲ್ಕು ವರ್ಷದಲ್ಲಿ ಅವಳು ಕೊಟ್ಟಿದ್ದಳು, ಕೇಳುವ ಮೊದಲೇ ಕೊಟ್ಟದ್ದೂ ಉಂಟು. ಕೈ ತಾನಾಗಿ ಎದೆಜೇಬಿನ ಗುಂಡಿಯವರೆಗೆ ಹೋಯಿತು. ಗುಂಡಿಯ ಮೇಲೆ ಬೆರಳಿಟ್ಟಳು, ಬಿಚ್ಚಲಿಲ್ಲ, ಅದುಮಿ ಹಿಡಿದಳು. "ಕೊಡಲ್ಲ ಅತ್ತೆ," ಎಂದಳು. "ತಪ್ಪು ನಂದು ಅಂದೆ. ಕೀ ಕೊಡ್ತೀನಿ ಅಂತ ಅನ್ನಲಿಲ್ಲ. ಹಾಳು ಮಾಡಿದ್ದೂ ನಾನು, ಸರಿ ಮಾಡಿದ್ದೂ ನಾನು. ನಾಳೆ ಏಳು ಗಂಟೆಗೆ ಹೊಲಕ್ಕೆ ಹೋಗೋದೂ ನಾನೇ."

ಅತ್ತೆಯ ಕೈ ಚಾಚಿದ ಹಾಗೇ ಇತ್ತು. ಮೈದುನ ಗಂಟಲು ಸರಿ ಮಾಡಿಕೊಂಡು, "ಅಲ್ಲ, ನನ್ನ ಹೆಸರು ಕೆಡಿಸಿದ್ದಕ್ಕೆ ಒಂದು ಮಾತಾದ್ರೂ..." ಎಂದ.

"ತಪ್ಪಾಯ್ತು ಕಣೋ. ಆ ಹೊಸ ಎಣ್ಣೆ ಕ್ಯಾನ್ ಕೊಡು ಇಲ್ಲಿ."

ಅವನು ಕೊಟ್ಟ. ಕೊಟ್ಟ ಮೇಲೆ, ಯಾಕೆ ಕೊಟ್ಟೆ ಎಂಬಂತೆ ತನ್ನ ಕೈಯನ್ನು ನೋಡಿಕೊಂಡ. ಅವಳು ಮತ್ತೆ ಗೋಣಿಚೀಲದ ಮೇಲೆ ಮಲಗಿ, ಫಿಲ್ಟರು ಕೂರುವ ಜಾಗವನ್ನು ಒರೆಸಿದಳು. ಬೆರಳಾಡಿಸಿದಳು. ಎಲ್ಲರೂ ನೋಡುತ್ತಿದ್ದರು, ನೋಡಲಿ ಎಂದು ಇನ್ನೊಂದು ಸುತ್ತು ಬೆರಳಾಡಿಸಿದಳು. ಹೊಸ ಫಿಲ್ಟರಿನ ರಿಂಗಿಗೆ ಎಣ್ಣೆ ಸವರಿ, ಬರಿಗೈಯಲ್ಲಿ ತಿರುವಿ, ರಿಂಗು ಕಬ್ಬಿಣಕ್ಕೆ ಮುಟ್ಟಿದ ಮೇಲೆ ಮುಕ್ಕಾಲು ಸುತ್ತು ಬಿಗಿದು ಬಿಟ್ಟಳು. ಹಳೆಯ ಎಣ್ಣೆ ಇಳಿಸಿದ್ದ ಕೆಳಗಿನ ಬೋಲ್ಟು ಬಿಗಿದಳು, ಮೇಲಿನಿಂದ ಎಣ್ಣೆ ಸುರಿದಳು, ಅದು ಗುಳುಗುಳು ಎಂದು ಇಳಿದು ಮುಗಿಯುವವರೆಗೆ ಕ್ಯಾನನ್ನು ಎತ್ತಿ ಹಿಡಿದಿದ್ದಳು. ಅತ್ತೆಯ ಕೈ ಯಾವಾಗ ಕೆಳಗಿಳಿಯಿತೋ ಅವಳು ನೋಡಲಿಲ್ಲ. ಜೇಬಿನ ಗುಂಡಿ ಬಿಚ್ಚಿ, ಕೀಲಿ ತೆಗೆದು, ಅತ್ತೆಯ ಮುಂದೆಯೇ ಹಾದುಹೋಗಿ, ಹತ್ತಿ ಕೂತು ತಿರುವಿದಳು. ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ತಗಡಿನ ಶೆಡ್ಡೆಲ್ಲ ಅದುರತೊಡಗಿತು.

ಅತ್ತೆ ಏನೋ ಅಂದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಎಂಜಿನ್ ಆರಿಸಿ ಏನಂದಿರಿ ಎಂದು ಕೇಳಬಹುದಿತ್ತು. ಅವಳು ಆರಿಸಲಿಲ್ಲ. ಸೀಟಿನಿಂದ ಇಳಿದು, ಬಟ್ಟೆಗೆ ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಬಗ್ಗಿ, ಫಿಲ್ಟರಿನ ಅಂಚಿನ ಸುತ್ತ ಬೆರಳು ಎಳೆದಳು. ನಿಧಾನವಾಗಿ, ಪೂರಾ ಒಂದು ಸುತ್ತು. ಬೆರಳಿಗೆ ಒಂದು ತೊಟ್ಟೂ ಹತ್ತಲಿಲ್ಲ. ಎದ್ದು ನಿಂತು, ಮೂವರಿಗೂ ಕಾಣುವ ಹಾಗೆ ಅದನ್ನು ಎತ್ತಿ ಹಿಡಿದಳು.